ಮಿಂಚಿನ ನೀರಿನ ಪರೀಕ್ಷೆ

“ಎರಡೂ ಚೆನ್ನಾಗಿದೆ,” ಎಂದರು ನಮ್ಮ ಅತ್ತೆ.

ನನಗೆ ಎದೆ ಧಸಕ್ಕೆಂದಿತು. ಅವರ ಮುಂದಿನ ಸ್ಟೀಲ್ ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಎರಡರಲ್ಲೂ ಒಂದೇ ದೋಣಿಯ, ಒಂದೇ ದಿನ ಹಿಡಿದ ಮೀನಿನ ತುಂಡುಗಳು. ಒಂದಕ್ಕೆ ಹಳದಿ ಚೀಟಿ ಅಂಟಿಸಿತ್ತು, ಇನ್ನೊಂದಕ್ಕೆ ನೀಲಿ. ನೀಲಿಯದು ಸರಿ, ಅದರ ತಂಟೆಗೆ ನಾನು ಬರುವುದಿಲ್ಲ. ಆದರೆ ಹಳದಿಯದು! ಮುಚ್ಚಳ ತೆಗೆದ ಕೂಡಲೇ ಗಬ್ಬೆಂದು ನಾರಿತು. ಮೂಗು, ಬಾಯಿ ಎರಡನ್ನೂ ಮುಚ್ಚುವ ದಪ್ಪ ಮಾಸ್ಕ್ ಹಾಕಿಕೊಂಡಿದ್ದೆ, ಆದರೂ ಆ ನಾತ ಸೀದಾ ನೆತ್ತಿಗೆ ಹೋಗಿ ಕೂತಿತು. ಅದೇ ಪೆಟ್ಟಿಗೆಗೆ ಅತ್ತೆ ಮೂಗು ಇಳಿಸಿ, ಉದ್ದಕ್ಕೆ ಉಸಿರೆಳೆದು, ನಿಧಾನವಾಗಿ ತಲೆ ಎತ್ತಿ, ಚೆನ್ನಾಗಿದೆ ಎಂದುಬಿಟ್ಟರು.

ಮೇಜಿನ ಸುತ್ತ ನಿಂತವರಿಗೆಲ್ಲ ಗರ ಬಡಿದಂತಾಯಿತು. ನಮ್ಮ ಯಜಮಾನರು ನನ್ನ ಮುಖ ನೋಡಿದರು, ನಾನು ನಮ್ಮ ಮೀನು ಕೊಳ್ಳುವ ಹೋಟೆಲಿನ ಮ್ಯಾನೇಜರ ಮುಖ ನೋಡಿದೆ, ಅವರು ಈ ಪರೀಕ್ಷೆ ಏರ್ಪಡಿಸಿದ್ದ ಕಾಲೇಜು ಮೇಷ್ಟ್ರ ಮುಖ ನೋಡಿದರು. ಮುಖ ಎಂದರೇನು, ಎಲ್ಲರದೂ ಮಾಸ್ಕಿನ ಮೇಲೆ ಎರಡೆರಡು ಕಣ್ಣು, ಅಷ್ಟೇ. ಮಾಸ್ಕ್ ಇಲ್ಲದವರು ಅತ್ತೆ ಒಬ್ಬರೇ.

“ಏನು, ಎಲ್ಲ ಹೀಗೆ ಕಣ್ಣು ಕಣ್ಣು ಬಿಡ್ತಿದ್ದೀರಾ? ಹೇಳಿದ್ದು ಕೇಳಿಸ್ಲಿಲ್ವಾ?” ಎಂದು ಗದರಿ, ಸ್ಟೂಲಿನಿಂದ ಎದ್ದು, ಅತ್ತೆ ಹಿಂದಿನ ಟೀ ಕೋಣೆಗೆ ಹೊರಟುಹೋದರು.

ಈ ಮಾತಿನ ತೂಕ ಗೊತ್ತಾಗಬೇಕಾದರೆ ನಮ್ಮ ಶೆಡ್ಡಿನ ರೀತಿ ಗೊತ್ತಿರಬೇಕು. ಬಂದರಿನ ಪಕ್ಕದಲ್ಲಿ ಮೀನು ತೊಳೆದು, ಐಸ್ ಹಾಕಿ, ಪೆಟ್ಟಿಗೆ ಕಟ್ಟಿ ಕಳಿಸುವ ಶೆಡ್ಡು ನಮ್ಮದು. ಮಾವ ಕಟ್ಟಿದ್ದು; ಅವರು ಹೋದ ಮೇಲೆ ಅತ್ತೆ ನಡೆಸಿಕೊಂಡು ಬಂದದ್ದು. ಬಂದರಿನಲ್ಲಿ ಅವರನ್ನು ಎಲ್ಲರೂ ಜಡ್ಜಮ್ಮ ಎನ್ನುತ್ತಾರೆ. ಬಂದ ಪ್ರತಿ ಪೆಟ್ಟಿಗೆಯನ್ನೂ ಅವರು ಮೂಸಬೇಕು. ‘ಹೂಂ’ ಎಂದರೆ ಪೆಟ್ಟಿಗೆ ವ್ಯಾನಿಗೆ, ‘ವಾಪಸ್’ ಎಂದರೆ ದೋಣಿಯವರಿಗೆ. ಅಪೀಲು ಗಿಪೀಲು ಏನೂ ಇಲ್ಲ. ಬೇರೆ ಯಾರೂ ಪೆಟ್ಟಿಗೆಗೆ ಮೂಗು ತಾಗಿಸುವಂತೆಯೇ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನೊಮ್ಮೆ ಬಗ್ಗಿ ಮೂಸಿ, “ಇದು ಹೋಯ್ತು ಅತ್ತೆ” ಎಂದಿದ್ದಕ್ಕೆ, “ಈ ಶೆಡ್ಡಲ್ಲಿ ಇರೋದು ಒಂದೇ ಮೂಗು” ಎಂದು ಎಲ್ಲರ ಮುಂದೆ ಮಂಗಳಾರತಿ ಮಾಡಿದ್ದರು.

ಈಚಿನ ಒಂದೆರಡು ವರ್ಷದಿಂದಂತೂ ಅವರಿಗೆ ಇನ್ನೊಂದು ಚಾಳಿ ಅಂಟಿಕೊಂಡಿತ್ತು. ಪೆಟ್ಟಿಗೆಯ ಮುಚ್ಚಳವನ್ನು ನಾನೇ ಎತ್ತಬೇಕು, ಎತ್ತಿ ಅವರ ಎದುರಿಗೇ ನಿಲ್ಲಬೇಕು. ಆಚೀಚೆ ಸರಿದರೆ ಬೈಗುಳ. ನಾನು ಆಫೀಸಿನಲ್ಲಿ ಕೂತು ಆರ್ಡರ್ ನೋಡಿಕೊಳ್ಳುತ್ತೇನೆ ಎಂದು ಎಷ್ಟು ಸಲ ಅಂಗಲಾಚಿದೆನೋ! “ಆಫೀಸೇನು ಎಲ್ಲಿಗೂ ಓಡಿಹೋಗಲ್ಲ, ನೀನು ಇಲ್ಲಿರು” ಎನ್ನುವರು. ಸೊಸೆಯನ್ನು ಕಣ್ಣೆದುರಿಗೇ ಇಟ್ಟುಕೊಂಡು ಕುಣಿಸುವ ಚಪಲ, ಇನ್ನೇನು ಎಂದುಕೊಂಡು ನಾನು ಹಲ್ಲು ಕಚ್ಚಿ ಮುಚ್ಚಳ ಎತ್ತುತ್ತಿದ್ದೆ.

ಇಂಥಲ್ಲಿಗೆ ಒಂದು ಮೆಷಿನ್ ತಂದವರು ಮಿಂಚು ಮೇಷ್ಟ್ರು. ಕಾಲೇಜಿನಲ್ಲಿ ಆಹಾರ ಕೆಡದಂತೆ ಇಡುವುದು ಹೇಗೆ ಎಂದು ಪಾಠ ಮಾಡುವವರು, ಹೆಸರು ನಾವಿಟ್ಟದ್ದು. ಒಂದು ತೊಟ್ಟಿ ನೀರು, ಅದರ ಮೇಲೆ ಗಾಜಿನ ಕೊಳವೆಗಳು. ಸ್ವಿಚ್ ಹಾಕಿದರೆ ಕೊಳವೆಯೊಳಗೆ ನೇರಳೆ ಬಣ್ಣದ ಕಿಡಿಗಳು ಜುಂಯ್ ಎಂದು ಹಾರಿ ನೀರಿಗೆ ತಾಗುತ್ತವೆ.

“ಇದನ್ನ ಪ್ಲಾಸ್ಮಾ ಅಂತಾರೆ,” ಎಂದು ಮೇಷ್ಟ್ರು ತಿಳಿಸಿ ಹೇಳಿದ್ದರು. “ಗಾಳೀಲಿ ಕರೆಂಟು ಹರಿದಾಗ ಹುಟ್ಟೋ ಪುಟ್ಟ ಮಿಂಚು ಅಂದ್ಕೊಳ್ಳಿ. ಅದು ತಾಗಿದ ನೀರು ಸ್ವಲ್ಪ ಹುಳಿ ಆಗುತ್ತೆ. ಅದರಲ್ಲಿ ಮೀನು ತೊಳೆದ್ರೆ ಮೀನನ್ನ ಕೆಡಿಸೋ ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತೆ. ಸ್ವಲ್ಪ ಕಾಲ ಬಿಟ್ರೆ ಅದು ಮತ್ತೆ ಬರೀ ನೀರೇ.”

“ಅಂದ್ರೆ ಮೀನಿಗೆ ಶಾಕ್ ಟ್ರೀಟ್‌ಮೆಂಟು,” ಎಂದು ಯಜಮಾನರು ನಕ್ಕಿದ್ದರು. ಅತ್ತೆ ನಗಲಿಲ್ಲ. “ನೀರಿಗೆ ಕರೆಂಟು ಕೊಟ್ಟು ಮನೆಮಂದಿಯೆಲ್ಲ ಸಾಯ್ಲಿ ಅಂತಾನಾ? ಮೀನು ಕೆಡದ ಹಾಗೆ ಮೆಷಿನ್ನೇ ನೋಡ್ಕೊಂಡ್ರೆ ನಾನ್ಯಾಕೆ ಇಲ್ಲಿ?” ಎಂದರು.

“ಅಮ್ಮಾ, ಕೆಟ್ಟು ಹೋದ ಮೀನನ್ನ ಈ ನೀರು ಒಳ್ಳೇದು ಮಾಡಲ್ಲ,” ಎಂದರು ಮೇಷ್ಟ್ರು. “ಮೊದಲು ನೀವು ಮೂಸಿ ಆರಿಸಬೇಕು, ಆಮೇಲೇ ತೊಳೆಯೋದು.” ಅತ್ತೆ ಮುಖ ತಿರುಗಿಸಿಕೊಂಡರು.

ನನಗೆ ಮಾತ್ರ ಆ ಮೆಷಿನ್ ಬೇಕೇ ಬೇಕಿತ್ತು. ನಮ್ಮ ದೊಡ್ಡ ಗಿರಾಕಿಯಾದ ಹೋಟೆಲಿನವರು ದೂರದ ಊರಿನಲ್ಲಿ ಇನ್ನೊಂದು ಹೋಟೆಲ್ ತೆರೆದಿದ್ದರು. ಅಲ್ಲಿಗೆ ತಲುಪಿದ ಮೇಲೂ ಮೀನು ಕೆಲವು ದಿನ ತಾಳಬೇಕು, ಇಲ್ಲವಾದರೆ ಪೂರ್ತಿ ಆರ್ಡರ್ ದೊಡ್ಡ ಫ್ಯಾಕ್ಟರಿಗೆ ಎಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದರು. ಅವರು ಕೈಬಿಟ್ಟರೆ ಶೆಡ್ಡಿಗೆ ಬೀಗ. ನಾನು ಕಾಡಿ ಬೇಡಿ ಅವರನ್ನು ಈ ಪರೀಕ್ಷೆಗೆ ಒಪ್ಪಿಸಿದ್ದೆ. “ಜಡ್ಜಮ್ಮ ಮೂಸಿ ಸೈ ಅನ್ನಲಿ, ನನಗಷ್ಟು ಸಾಕು” ಎಂದಿದ್ದರು.

ಪರೀಕ್ಷೆಯ ಕಟ್ಟುಪಾಡು ಮೇಷ್ಟ್ರದು. ಒಂದು ಪೆಟ್ಟಿಗೆಯ ಮೀನು ಬರೀ ನೀರಿನಲ್ಲಿ ತೊಳೆದದ್ದು, ಇನ್ನೊಂದರದು ಮಿಂಚಿನ ನೀರಿನಲ್ಲಿ; ಎರಡನ್ನೂ ಒಂದಷ್ಟು ದಿನ ಐಸಿನಲ್ಲಿಟ್ಟಿದ್ದರು, ಯಾವುದು ಯಾವುದೆಂದು ಅವರಿಗೆ ಮಾತ್ರ ಗೊತ್ತು. ಚರ್ಮ, ತಲೆ ಏನೂ ಇಲ್ಲದ ತುಂಡುಗಳೇ ಆಗಬೇಕು. ಮುಟ್ಟಬಾರದು, ಬರೀ ಮೂಸಬೇಕು. ಮತ್ತೆ, ಸುತ್ತ ನಿಂತವರ ಮುಖ ನೋಡಿ ಯಾರೂ ಏನನ್ನೂ ಊಹಿಸಬಾರದು, ಅದಕ್ಕೇ ಎಲ್ಲರಿಗೂ ಮಾಸ್ಕ್. ಮಾಸ್ಕಿಗೆ ಅತ್ತೆ ಮಾಡಿದ ರಂಪ ಅಷ್ಟಿಷ್ಟಲ್ಲ. “ಇದೇನು ಆಸ್ಪತ್ರೇನಾ? ಅವಳಿಗೆ ಉಸಿರು ಕಟ್ಟುತ್ತೆ, ತೆಗೀಲಿ” ಎಂದು ನನ್ನ ಪರವಾಗಿ ವಾದಿಸಿದ್ದರು. ನನ್ನ ಉಸಿರಿನ ಮೇಲೆ ಇದ್ದಕ್ಕಿದ್ದಂತೆ ಇಷ್ಟೊಂದು ಪ್ರೀತಿ ಬಂತಲ್ಲ ಎಂದು ನನಗೇ ನಗು ಬಂದಿತ್ತು.

ಈಗ ನಗು ಎಲ್ಲಿಂದ ಬರಬೇಕು? ಮ್ಯಾನೇಜರು ಮಾಸ್ಕ್ ಕಿತ್ತು, ಹಳದಿ ಪೆಟ್ಟಿಗೆಯ ಮುಚ್ಚಳವನ್ನು ತಾವೇ ದಡಾರನೆ ಹಾಕಿದರು.

“ಇದು ಕೊಳೆತಿದೆ ಅಂತ ನನಗೇ ಗೊತ್ತಾಗ್ತಿದೆ, ಚಿಕ್ಕ ಮಗೂಗೂ ಗೊತ್ತಾಗುತ್ತೆ. ಇದನ್ನ ಚೆನ್ನಾಗಿದೆ ಅಂದವರು ನೀಲಿ ಚೆನ್ನಾಗಿದೆ ಅಂದ್ರೆ ನಾನು ಹೇಗ್ರೀ ನಂಬೋದು?”

“ಅಮ್ಮ ಬೇಕಂತಲೇ ಹೇಳಿದ್ದು,” ಎಂದು ಯಜಮಾನರು ಹಲ್ಲು ಕಡಿದರು. “ಎರಡೂ ಒಂದೇ ಅಂದ್ರೆ ಮೆಷಿನ್ ಬರಲ್ಲ, ಅಷ್ಟೇ ಅವಳಿಗೆ ಬೇಕಾಗಿದ್ದು.”

ಅದನ್ನು ಕೇಳಿದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. ಹೌದಲ್ಲ! ಇಷ್ಟು ಜನರ ಅನ್ನಕ್ಕೆ ಕಲ್ಲು ಹಾಕಿಯಾದರೂ ತಮ್ಮ ಸ್ಟೂಲು ಉಳಿಸಿಕೊಳ್ಳಬೇಕು ಇವರಿಗೆ. ಇವತ್ತು ಅತ್ತೆಯೂ ಇಲ್ಲ, ಗಿತ್ತೆಯೂ ಇಲ್ಲ ಎಂದುಕೊಂಡು, ಮಾಸ್ಕ್ ಕಿತ್ತೆಸೆದು, ಧುಮುಧುಮು ಎನ್ನುತ್ತ ಟೀ ಕೋಣೆಯ ಬಾಗಿಲು ತಳ್ಳಿದೆ.

ಒಳಗೆ ಕಾಲಿಟ್ಟವಳೇ ಹೌಹಾರಿದೆ. ಕೋಣೆಯ ತುಂಬ ಗ್ಯಾಸು. ಒಲೆಯ ನಾಬ್ ಪೂರ್ತಿ ತೆರೆದಿದೆ, ಬೆಂಕಿ ಇಲ್ಲ. ಕೈಕೊಟ್ಟ ಲೈಟರ್ ಕಟ್ಟೆಯ ಮೇಲೆ ಬಿದ್ದಿದೆ. ಅತ್ತೆ ಗೂಡಿನಲ್ಲಿ ಹುಡುಕಿ ಬೆಂಕಿಪೊಟ್ಟಣ ತೆಗೆದು, ಕಡ್ಡಿಯನ್ನು ಪೊಟ್ಟಣದ ಪಕ್ಕಕ್ಕೆ ಒತ್ತಿ ಹಿಡಿದು ನಿಂತಿದ್ದಾರೆ.

“ಅತ್ತೇ!”

ನನ್ನ ಕಿರುಚಾಟಕ್ಕೆ ಅವರ ಕೈ ನಿಂತಿತು. ನಾನು ಹಾರಿ ಬೆಂಕಿಪೊಟ್ಟಣ ಕಿತ್ತುಕೊಂಡೆ, ನಾಬ್ ತಿರುಗಿಸಿ ಗ್ಯಾಸ್ ನಿಲ್ಲಿಸಿದೆ, ಕಿಟಕಿ ತೆಗೆದೆ, ಅವರ ರಟ್ಟೆ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಗೆಳೆದೆ.

“ಏನೇ ಆಯ್ತು ನಿನಗೆ? ಟೀ ಕಾಯಿಸೋಕೂ ಬಿಡಲ್ವಾ?”

“ಗ್ಯಾಸು ಅತ್ತೆ! ಕೋಣೆ ತುಂಬ ಗ್ಯಾಸು! ನಿಮಗೆ ವಾಸನೆ ಬರ್ಲಿಲ್ವಾ?”

ಅವರು ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು, ತಮ್ಮ ಕೈಯಲ್ಲೇ ಉಳಿದಿದ್ದ ಕಡ್ಡಿಯನ್ನು ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ. ನೋಡುತ್ತ ನೋಡುತ್ತ ನನಗೆ ವಿಷಯ ಹೊಳೆಯಿತು.

“ನಿಮಗೆ... ವಾಸನೆ ಬರಲ್ಲ.”

ಅತ್ತೆ ಖಾಲಿ ಐಸ್ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತರು. “ಮೆತ್ತಗೆ ಮಾತಾಡು,” ಎಂದರು.

“ಯಾವಾಗಿಂದ?”

“ಆ ಜ್ವರ ಬಂತಲ್ಲ, ಒಂದು ವಾರ ಮಲಗಿದ್ದೆನಲ್ಲ. ಎದ್ದ ಮೇಲೆ ಹೋಗಿದ್ದು ಹೋಗೇಬಿಡ್ತು.”

ಆ ಜ್ವರ ಬಂದು ಎರಡು ವರ್ಷ! ಎರಡು ವರ್ಷದಿಂದ ಈ ಹೆಂಗಸು ಮೂಸಿ ಹೂಂ ಎಂದದ್ದನ್ನೆಲ್ಲ ನಾವು ಕಣ್ಣು ಮುಚ್ಚಿಕೊಂಡು ವ್ಯಾನು ತುಂಬಿ ಕಳಿಸಿದ್ದೇವೆ. ಹೋಟೆಲಿಗೆ, ಅಂಗಡಿಗೆ, ಮಕ್ಕಳ ಹಾಸ್ಟೆಲಿಗೆ.

“ಜನ ತಿಂದಿದ್ದಾರೆ ಅತ್ತೆ! ಮಕ್ಕಳು ತಿಂದಿದ್ದಾರೆ! ಯಾರಾದ್ರೂ ಸತ್ತು ಗಿತ್ತು ಹೋಗಿದ್ರೆ ಏನು ಮಾಡ್ತಿದ್ರಿ?”

“ಒಂದು ಕೆಟ್ಟ ತುಂಡೂ ಹೋಗಿಲ್ಲ,” ಎಂದು ಅವರು ಚುರುಕಾದರು. “ಹೋಗಕ್ಕೆ ನಾನು ಬಿಟ್ಟಿಲ್ಲ.”

“ಮೂಗೇ ಇಲ್ಲದೆ ಹೇಗೆ ಗೊತ್ತಾಗ್ತಿತ್ತು?”

“ನಿನ್ನ ಮುಖ ನೋಡಿ.”

ನಾನು ಕೈಯಿಂದ ನನ್ನ ಮುಖ ಮುಟ್ಟಿಕೊಂಡೆ.

“ಮೀನಿನ ಕಣ್ಣು, ಕಿವಿರು ನೋಡಿದ್ರೆ ಅರ್ಧ ಗೊತ್ತಾಗುತ್ತೆ. ಇನ್ನರ್ಧ ನಿನ್ನ ಮುಖದಲ್ಲಿರುತ್ತೆ. ಮುಚ್ಚಳ ಎತ್ತಿದ ಕೂಡಲೇ ನಿನ್ನ ಮೂಗಿನ ಹೊಳ್ಳೆ ಚೂರೇ ಚೂರು ಅದುರುತ್ತೆ. ನಿನಗೂ ಗೊತ್ತಾಗಲ್ಲ. ಒಂದು ಸಲಾನೂ ತಪ್ಪಿಲ್ಲ. ಚೆನ್ನಾಗಿದ್ದ ಕಾಲದಲ್ಲಿ ನನ್ನ ಮೂಗೂ ಅಷ್ಟು ಚುರುಕಿರ್ಲಿಲ್ಲ.”

“ಮತ್ತೆ ನಾನು ಇಲ್ಲದ ದಿನ?”

“ಎಲ್ಲಾ ವಾಪಸ್.”

ಅಯ್ಯೋ, ಹೌದು! ನಾನು ತವರಿಗೆ ಹೋದಾಗಲೆಲ್ಲ ಅತ್ತೆ ಬಂದ ಮೀನನ್ನು ಪೂರ್ತಿ ತಿರುಗಿಸಿ ಕಳಿಸುತ್ತಿದ್ದರು. ಯಜಮಾನರು ಫೋನಿನಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದರು. ನನಗೆ ನೆಗಡಿಯಾದರೆ ತಾವೇ ನೀರು ಕಾಯಿಸಿ, ತಲೆಯ ಮೇಲೆ ಟವೆಲ್ ಹೊದಿಸಿ, ದಿನಕ್ಕೆ ನಾಲ್ಕು ಸಲ ಹಬೆ ಹಿಡಿಸುತ್ತಿದ್ದರು. ನಮ್ಮತ್ತೆ ಮೇಲೆ ಗದರಿದರೂ ಒಳಗೆ ಕರುಳಿದೆ ಎಂದು ನಾನು ಅಮ್ಮನ ಹತ್ತಿರ ಹೊಗಳಿಕೊಂಡಿದ್ದೆ. ಕರುಳೂ ಅಲ್ಲ, ಮಣ್ಣೂ ಅಲ್ಲ, ಮೂಗಿನ ರಿಪೇರಿ! ಎರಡು ವರ್ಷ ನನ್ನನ್ನು ಆಫೀಸಿಗೆ ಹೋಗಗೊಡದೆ, ಗಾಣದೆತ್ತಿನ ಹಾಗೆ ಅಲ್ಲೇ ನಿಲ್ಲಿಸಿಕೊಂಡು, ನನ್ನ ಮೂಗಿನಿಂದ ಜಡ್ಜಮ್ಮ ಎನಿಸಿಕೊಂಡಿದ್ದರು. ಸಿಟ್ಟಿನಿಂದ ನನಗೆ ಅಳು ಬಂತು.

“ಹೇಳಿದ್ರೆ ಏನಾಗ್ತಿತ್ತು ಅತ್ತೆ? ನಾನೇನು ನಿಮ್ಮನ್ನ ಮನೆಯಿಂದ ಆಚೆ ಹಾಕ್ತಿದ್ನಾ?”

“ಮನೆಯಿಂದ ಅಲ್ಲ,” ಎಂದರು ಅತ್ತೆ. “ಆ ಸ್ಟೂಲಿಂದ ಇಳಿದ್ರೆ ನಾನ್ಯಾರೇ? ಮೂಲೇಲಿ ಕೂತು ಟೀ ಕುಡಿಯೋ ಮುದುಕಿ. ದಿನಾ ಅಂದ್ಕೋತಿದ್ದೆ, ನಾಳೆ ಮೂಗು ಬರುತ್ತೆ, ನಾಳೆ ಬರುತ್ತೆ ಅಂತ. ಒಲೆ ಮೇಲೆ ಹಾಲು ಸೀದ್ರೂ ಗೊತ್ತಾಗಲ್ಲ ಕಣೇ ನನಗೆ.”

ಅಷ್ಟರಲ್ಲಿ ಒಳಗಿನಿಂದ ಯಜಮಾನರು ಕೂಗಿದರು. ಮೇಷ್ಟ್ರ ಹತ್ತಿರ ಇನ್ನೊಂದು ಜೊತೆ ಪೆಟ್ಟಿಗೆ ಇದೆಯಂತೆ. ಮೊದಲಿನವಕ್ಕಿಂತ ಕಡಿಮೆ ದಿನ ಇಟ್ಟವು. ಎರಡಕ್ಕೂ ವ್ಯತ್ಯಾಸ ಬಹಳ ಸಣ್ಣದು, ಪಳಗಿದ ಮೂಗಿಗೆ ಮಾತ್ರ ಗೊತ್ತಾಗುವಂಥದ್ದು. ಜಡ್ಜಮ್ಮ ಅದನ್ನು ಸರಿಯಾಗಿ ಹೇಳಿದರೆ ಮ್ಯಾನೇಜರು ಒಪ್ಪುತ್ತಾರಂತೆ. ಇದೇ ಕೊನೆಯ ಅವಕಾಶ.

ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಆ ಕೈ ಐಸಿನಷ್ಟು ತಣ್ಣಗಿತ್ತು. “ನೀನು ಮಾಸ್ಕ್ ಇಲ್ಲದೆ ಎದುರಿಗೆ ನಿಂತ್ಕೋ. ಬೇರೆ ಏನೂ ಬೇಡ. ಮೆಷಿನೂ ಬರುತ್ತೆ, ಶೆಡ್ಡೂ ಉಳಿಯುತ್ತೆ. ನಾನೂ ಉಳ್ಕೋತೀನಿ.”

ಒಲ್ಲೆ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ನನ್ನ ಬಾಯಿ “ಆಯ್ತು” ಎಂದಿತು.

ಅತ್ತೆ ಸ್ಟೂಲಿನ ಮೇಲೆ ಕೂತರು. ಮೇಜಿನ ಮೇಲೆ ಈಗ ಕೆಂಪು ಚೀಟಿಯದೊಂದು, ಹಸಿರು ಚೀಟಿಯದೊಂದು. ಸೊಸೆಗೆ ತಲೆ ಸುತ್ತುತ್ತಿದೆ, ಮಾಸ್ಕ್ ಬೇಡ ಎಂದು ಅತ್ತೆ ಹೇಳಿದಾಗ ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು. ನನ್ನನ್ನು ನೋಡಿದರೆ ಅದನ್ನು ಯಾರಾದರೂ ನಂಬುವಂತೆಯೇ ಇತ್ತು. ನಾನು ಕೆಂಪು ಪೆಟ್ಟಿಗೆಯ ಮುಚ್ಚಳ ಎತ್ತಿದೆ.

ನನಗೆ ತಟ್ಟನೆ ಗೊತ್ತಾಯಿತು. ಹುಳಿಹುಳಿಯಾದ ಎಳೆಯೊಂದು ಅದರಲ್ಲಿ ಶುರುವಾಗಿತ್ತು. ಅತ್ತೆ ಬಗ್ಗಿ ಉಸಿರೆಳೆಯುತ್ತ ಕಣ್ಣು ಮೇಲೆತ್ತಿದರು. ಆಗ ಆದದ್ದೇ ಬೇರೆ. ಅವರು ನನ್ನನ್ನು ಓದುತ್ತಿದ್ದಾರೆ ಎಂದು ಗೊತ್ತಾದ ಮೇಲೆ ನನ್ನ ಮುಖ ನನ್ನ ಮಾತು ಕೇಳಲಿಲ್ಲ. ಹೊಳ್ಳೆ ಅದುರಬೇಕು, ಅದುರಬೇಕು ಎಂದುಕೊಂಡಷ್ಟೂ ಕೆನ್ನೆ ಮರಗಟ್ಟಿತು. ಕೊನೆಗೆ ಬಲವಂತವಾಗಿ ಮೂಗು ಸೊಟ್ಟ ಮಾಡಿದೆ. ಹಸಿರು ಪೆಟ್ಟಿಗೆ ತೆಗೆದೆ. ಅದರಲ್ಲಿ ಏನೂ ಇರಲಿಲ್ಲ. ಆದರೆ ಅಷ್ಟರಲ್ಲಿ ಕಣ್ಣು ತುಂಬಿ ಬಂದು, ಮೂಗು ಸೊರಸೊರ ಎಂದು, ಮುಖ ಮತ್ತೆ ಸೊಟ್ಟಗಾಯಿತು. ಸಹಾಯ ಮಾಡಲು ಹೋಗಿ ನಾನೇ ಎಲ್ಲ ಹಾಳು ಮಾಡಿದ್ದೆ.

ಅತ್ತೆ ಇನ್ನೊಮ್ಮೆ ಬಗ್ಗಿದರು, ಇನ್ನೊಮ್ಮೆ ನನ್ನನ್ನು ನೋಡಿದರು. ಅವರ ಹಣೆಯಲ್ಲಿ ಬೆವರು ಮೂಡಿತ್ತು.

“ಎರಡೂ...” ಎಂದು ಬಾಯಿ ತೆರೆದರು.

ಮುಂದಿನ ಮಾತು ನನಗೆ ಗೊತ್ತಿತ್ತು. ಎರಡೂ ವಾಪಸ್. ಎರಡು ವರ್ಷದಿಂದ ಅನುಮಾನ ಬಂದಾಗಲೆಲ್ಲ ಅವರನ್ನು ಕಾಪಾಡಿದ ಮಾತು ಅದು. ಹಾಗಂದರೆ ಯಾರೂ ಅವರಲ್ಲಿ ತಪ್ಪು ಹಿಡಿಯುವಂತಿಲ್ಲ, ಸ್ಟೂಲು ಅವರದೇ. ಮೆಷಿನ್ ಹೋಗುತ್ತದೆ, ಹೋಟೆಲ್ ಹೋಗುತ್ತದೆ, ಅಷ್ಟೇ. ನಾನು ಮುಚ್ಚಳ ಹಿಡಿದುಕೊಂಡೇ ಕಣ್ಣು ಮುಚ್ಚಿದೆ.

“ಎರಡೂ ನನಗೆ ಗೊತ್ತಾಗ್ತಿಲ್ಲ,” ಎಂದರು ಅತ್ತೆ.

ಆ ಶೆಡ್ಡಿನಲ್ಲಿ ಆ ಮಾತನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಯಜಮಾನರು “ಅಮ್ಮಾ?” ಎಂದರು.

“ನನ್ನ ಮೂಗು ಸತ್ತು ಎರಡು ವರ್ಷ ಆಯ್ತು ಕಣೋ. ಇವಳ ಮುಖ ನೋಡ್ಕೊಂಡು ಹೇಳ್ತಿದ್ದೆ. ಇವಳಿಗೇ ಗೊತ್ತಿರ್ಲಿಲ್ಲ, ಇವತ್ತು ಗೊತ್ತಾಯ್ತು, ಗೊತ್ತಾದ ಮೇಲೆ ಪಾಪ ಇವಳ ಮುಖಾನೂ ಕೆಟ್ಟುಹೋಯ್ತು.” ಅವರು ಮ್ಯಾನೇಜರ ಕಡೆ ತಿರುಗಿದರು. “ಎರಡು ವರ್ಷದಿಂದ ನಿಮಗೆ ಬಂದಿದ್ದೆಲ್ಲ ಇವಳ ಮೂಗಿನ ಮೀನು. ಒಂದೇ ಒಂದು ಪೆಟ್ಟಿಗೆ ವಾಪಸ್ ಕಳಿಸಿದ್ದೀರಾ? ಹೇಳಿ.”

ಮ್ಯಾನೇಜರು ಇಲ್ಲ ಎಂದು ತಲೆಯಾಡಿಸಿದರು. ಯಜಮಾನರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಅತ್ತೆ ಸ್ಟೂಲಿನಿಂದ ಎದ್ದು, ಪಕ್ಕಕ್ಕೆ ಸರಿದು, “ಕೂತ್ಕೋ, ಹೇಳು” ಎಂದು ನನಗೆ ಕಣ್ಸನ್ನೆ ಮಾಡಿದರು.

ನಾನು ಕೂರಲಿಲ್ಲ. ನಿಂತೇ ಎರಡನ್ನೂ ಮೂಸಿದೆ. “ಕೆಂಪು ಇನ್ನೂ ಕೊಳೆತಿಲ್ಲ, ಆದ್ರೆ ಕೆಡೋಕೆ ಶುರುವಾಗಿದೆ, ನಾಳೆಗೆ ನಿಲ್ಲಲ್ಲ. ಹಸಿರು ಚೆನ್ನಾಗಿದೆ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಹಸಿರು ಮಿಂಚಿನ ನೀರಿಂದು,” ಎಂದರು ಮೇಷ್ಟ್ರು ಮೆಲ್ಲಗೆ.

ಮ್ಯಾನೇಜರು ಹಸಿರು ಪೆಟ್ಟಿಗೆಯ ಕಡೆ ನೋಡಿ, “ಮೆಷಿನ್ ಹಾಕಿ, ಆರ್ಡರ್ ನಿಮಗೇ,” ಎಂದರು. ಆಮೇಲೆ ಅತ್ತೆಯ ಕಡೆ ನೋಡದೆ, ನನ್ನತ್ತ ಕೈ ತೋರಿಸಿ, “ಆದ್ರೆ ಇನ್ನು ಮೇಲೆ ಪೆಟ್ಟಿಗೆಗೆ ಇವರ ಮಾತು ಬೇಕು. ನಿಮ್ಮದು ಬೇಡ,” ಎಂದು ಹೇಳಿ ಹೊರಗೆ ನಡೆದರು. ಅವರ ಹಿಂದೆಯೇ ಯಜಮಾನರು ಹೋದರು.

ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಅವರ ಕುತ್ತಿಗೆ ಹಿಡಿದು ಅಲ್ಲಾಡಿಸಿಬಿಡಬೇಕು ಎನ್ನುವಷ್ಟು ಸಿಟ್ಟು ನನಗೆ ಇನ್ನೂ ಇತ್ತು. ತಬ್ಬಿಕೊಂಡು ಅಳಬೇಕು ಎಂದೂ ಅನಿಸುತ್ತಿತ್ತು. ಎರಡೂ ಮಾಡಲಿಲ್ಲ. ಅವರೇ ಹತ್ತಿರ ಬಂದು ಹಸಿರು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು.

“ಈ ಮಿಂಚಿನ ನೀರಲ್ಲಿ ತೊಳೆದ ಮೀನು, ವಾಸನೆ ಹೇಗಿರುತ್ತೇ?”

ಬಣ್ಣ ಹೇಗಿರುತ್ತದೆ ಎಂದು ಕುರುಡರು ಕೇಳಿದಂತಿತ್ತು ಆ ದನಿ. ಏನು ಹೇಳಲಿ ಎಂದು ಇನ್ನೊಮ್ಮೆ ಬಗ್ಗಿ ಮೂಸಿದೆ.

“ಏನೂ ಇಲ್ಲ ಅತ್ತೆ. ಯಾವ ವಾಸನೇನೂ ಇಲ್ಲ.”

“ಹಾಗಾದ್ರೆ ಅದೊಂದನ್ನ ನಾನೂ ಸರಿಯಾಗೇ ಮೂಸಿದೆ,” ಎಂದರು ಅತ್ತೆ, ಮತ್ತು ಮುಚ್ಚಳ ಹಾಕಿದರು.